ಎರಡನೆಯ ಬಾರಿಗೆ ಒಪ್ಪದ ಸಿರಿಂಜ್: ಮೂರು ವಿನ್ಯಾಸಗಳ ಪರಿಶೀಲನೆ

ಒಮ್ಮೆ ಬಳಸಿದೊಡನೆ ತಾನಾಗಿಯೇ ನಿರುಪಯುಕ್ತವಾಗುವ, ಆಟೋ ಡಿಸೇಬಲ್ ಅಥವಾ ಎ.ಡಿ. ಎಂದು ಕರೆಸಿಕೊಳ್ಳುವ ಸಿರಿಂಜ್‌ಗಳು ಈಗ ಹಲವು ಬಗೆಗಳಲ್ಲಿ ದೊರೆಯುತ್ತವೆ. ಪೊಟ್ಟಣದ ಮೇಲೆ ಎಲ್ಲವೂ ಕೊಡುವ ಭರವಸೆ ಒಂದೇ ಆದರೂ ಒಳಗಿರುವ ಬೀಗಗಳು ಬೇರೆ ಬೇರೆ. ಲೋಹದ ಕ್ಲಿಪ್ ಕಚ್ಚಿ ಹಿಡಿಯುವ ಬಗೆ, ಹಿಂದಕ್ಕೆ ಎಳೆದರೆ ಪ್ಲಂಜರ್ (ಔಷಧವನ್ನು ಎಳೆದು ಒತ್ತುವ ದಂಡ) ಮುರಿಯುವ ಬಗೆ, ಸೂಜಿಯೇ ಒಳಕ್ಕೆ ಸೇರಿಕೊಳ್ಳುವ ಬಗೆ, ಈ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು, ಬರಿಯ ನೀರು ತುಂಬಿಸಿ ಪರೀಕ್ಷಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮತ್ತೆ ಬಳಸಲೇಬೇಕೆಂದು ಹಟ ಹಿಡಿದ ಕೈಗೆ ಸಿರಿಂಜ್ ಮಣಿಯುತ್ತದೆಯೇ ಎಂಬುದನ್ನು ಮೊದಲು ನೋಡಿದೆ. ನಿಯಮದಂತೆ ಕೆಲಸ ಮಾಡುವ ಕೈಗೆ ಅದು ಎಷ್ಟು ತೊಡಕು ಕೊಡುತ್ತದೆ ಎಂಬುದನ್ನು ಆಮೇಲೆ.

ಇಂಥದೊಂದು ಬೀಗ ಬೇಕಾಗಿ ಬಂದದ್ದಕ್ಕೆ ಕಾರಣ ಪ್ಲಾಸ್ಟಿಕ್ ಸಿರಿಂಜ್‌ನ ಸೊಗಸಿನಲ್ಲೇ ಇದೆ. ಗಾಜಿನ ಸಿರಿಂಜನ್ನು ಕುದಿಸಬೇಕೆಂಬ ಅರಿವು ಎಲ್ಲರಿಗೂ ಇತ್ತು. ಪ್ಲಾಸ್ಟಿಕ್ಕಿನದು ಬಳಸಿದ ಮೇಲೂ ಹೊಸದರಂತೆಯೇ ಕಾಣುತ್ತದೆ, ನೀರಿನಲ್ಲಿ ಜಾಲಾಡಿದರೆ ಮತ್ತೆ ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮುಂದಿಟ್ಟ ಅಂದಾಜಿನ ಪ್ರಕಾರ, 2010ರ ಒಂದೇ ವರ್ಷದಲ್ಲಿ ಅಸುರಕ್ಷಿತ ಚುಚ್ಚುಮದ್ದಿನಿಂದ 17 ಲಕ್ಷದವರೆಗೆ ಜನರಿಗೆ ಹೆಪಟೈಟಿಸ್ ಬಿ, 3.15 ಲಕ್ಷದವರೆಗೆ ಜನರಿಗೆ ಹೆಪಟೈಟಿಸ್ ಸಿ ಮತ್ತು 33,800 ಜನರವರೆಗೆ ಎಚ್‌ಐವಿ ಸೋಂಕು ತಗುಲಿತು. ಸೂಜಿಯೊಂದನ್ನು ಬದಲಿಸಿದರೆ ಸಾಕು ಎಂಬ ನಂಬಿಕೆ ಇಲ್ಲಿ ಬಹಳ ಕೇಡು ಮಾಡಿದೆ. ಸೂಜಿಯನ್ನು ಬಿಚ್ಚುವಾಗ ಉಂಟಾಗುವ ಸಣ್ಣ ಹೀರುವಿಕೆಯಿಂದಲೇ ಅದರೊಳಗಿನ ದ್ರವ ಬ್ಯಾರೆಲ್‌ಗೆ, ಅಂದರೆ ಔಷಧ ತುಂಬುವ ಕೊಳವೆಗೆ, ಸೇರಬಲ್ಲದು. 2008ರಲ್ಲಿ ಅಮೆರಿಕದ ನೆವಾಡಾದಲ್ಲಿ ಬಯಲಾದ ಹೆಪಟೈಟಿಸ್ ಸಿ ಪ್ರಕರಣದಲ್ಲಿ, ಒಬ್ಬ ರೋಗಿಗೆ ಬಳಸಿದ ಸಿರಿಂಜನ್ನು ಅದೇ ರೋಗಿಗೆ ಇನ್ನಷ್ಟು ಔಷಧ ಕೊಡಲೆಂದು ಮತ್ತೆ ವಯಲ್‌ಗೆ (ಔಷಧದ ಪುಟ್ಟ ಸೀಸೆಗೆ) ಚುಚ್ಚಿದ್ದರಿಂದ ವಯಲ್ ಕಲುಷಿತವಾಗಿ, ಅದೇ ವಯಲ್‌ನ ಔಷಧ ಇತರರಿಗೂ ಹೋಗಿತ್ತು. ಹತ್ತಾರು ಸಾವಿರ ಜನರಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವಂತೆ ತಿಳಿಸಬೇಕಾಯಿತು. ಬಡ ದೇಶಗಳ ಪಾಡು ಮಾತ್ರ ಇದು ಎಂದುಕೊಂಡವರು ಈ ಪ್ರಕರಣವನ್ನೊಮ್ಮೆ ಗಮನಿಸಬೇಕು.

ಮೂರರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕ್ಲಿಪ್ ಇರುವ ವಿನ್ಯಾಸ. ಬ್ಯಾರೆಲನ್ನು ಬೆಳಕಿಗೆ ಹಿಡಿದರೆ ಪ್ಲಂಜರ್‌ನ ಪಕ್ಕದಲ್ಲಿ ತೆಳುವಾದ ಉಕ್ಕಿನ ತುಣುಕೊಂದು ಕಾಣಿಸುತ್ತದೆ; ಅದರ ಚೂಪಾದ ಅಂಚುಗಳು ಬ್ಯಾರೆಲ್‌ನ ಒಳಗೋಡೆಗೆ ಒತ್ತಿಕೊಂಡಿರುತ್ತವೆ. ಔಷಧವನ್ನು ಎಳೆದುಕೊಳ್ಳುವಾಗ ಕ್ಲಿಪ್ ಇದ್ದಲ್ಲೇ ಇದ್ದು ಪ್ಲಂಜರ್ ಮಾತ್ರ ಹಿಂದಕ್ಕೆ ಬರುತ್ತದೆ. ಒತ್ತತೊಡಗಿದಾಗ ಪ್ಲಂಜರ್ ಕ್ಲಿಪ್ಪನ್ನೂ ತನ್ನೊಡನೆ ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಆಮೇಲೆ ಹಿಂದಕ್ಕೆ ಎಳೆದರೆ ಅಂಚುಗಳು ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುತ್ತವೆ. ಕೇಬಲ್ ಟೈ ಪಟ್ಟಿ ಹೇಗೆ ಒಂದೇ ದಿಕ್ಕಿಗೆ ಸರಿಯುತ್ತದೆಯೋ ಹಾಗೆ. ಡೋಸ್ ಅರ್ಧ ಮಾತ್ರ ಒತ್ತಿ ನಿಲ್ಲಿಸಿ ಎಳೆದು ನೋಡಿದೆ, ಅಲ್ಲಿಯೂ ಹಿಡಿಯಿತು. ಬೀಗ ಬೀಳಲು ಪ್ಲಂಜರ್ ತಳ ಮುಟ್ಟುವವರೆಗೆ ಕಾಯಬೇಕಿಲ್ಲ ಎಂಬುದೇ ಈ ವಿನ್ಯಾಸದ ನಿಜವಾದ ಬಲ. ಅಮೆರಿಕದ ಪಾಥ್ ಸಂಸ್ಥೆ ಅಭಿವೃದ್ಧಿಪಡಿಸಿ ಬೆಕ್ಟನ್ ಡಿಕಿನ್ಸನ್ ಕಂಪನಿಗೆ ಪರವಾನಗಿ ಕೊಟ್ಟ ಸೋಲೋಶಾಟ್ ಸಿರಿಂಜ್ ಈ ದಾರಿಯನ್ನು ಜನಪ್ರಿಯಗೊಳಿಸಿತು. ಕೊರತೆಯೂ ಇದೆ: ಪ್ಲಾಸ್ಟಿಕ್ ಮತ್ತು ರಬ್ಬರ್ ಜತೆಗೆ ಉಕ್ಕಿನ ಇನ್ನೊಂದು ಭಾಗವನ್ನು ತಯಾರಿಸಿ, ಅದನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕಾಗುತ್ತದೆ.

ಪ್ಲಂಜರ್ ಮುರಿಯುವ ವಿನ್ಯಾಸದ ಹಿಂದಿನ ಆಲೋಚನೆ ಬೇರೆ. ಬ್ರಿಟನ್ನಿನ ಮಾರ್ಕ್ ಕೋಸ್ಕಾ 1984ರಲ್ಲಿ, ಸಿರಿಂಜ್‌ಗಳ ಮರುಬಳಕೆಯಿಂದ ಎಚ್‌ಐವಿ ಹರಡಲಿದೆ ಎಂಬ ಪತ್ರಿಕಾ ಬರಹವೊಂದನ್ನು ಓದಿ ಈ ಕೆಲಸಕ್ಕೆ ಇಳಿದವರು. ಕಾರ್ಖಾನೆಯಲ್ಲಿ ಈಗಾಗಲೇ ಇರುವ ಯಂತ್ರಗಳಲ್ಲೇ, ಅದೇ ಕಚ್ಚಾ ವಸ್ತುವಿನಿಂದ, ಸಣ್ಣ ಮಾರ್ಪಾಡಿನೊಂದಿಗೆ ತಯಾರಿಸಲು ಬಾರದ ಯಾವ ಸಿರಿಂಜೂ ಜಗತ್ತಿನಲ್ಲಿ ಹರಡಲಾರದು ಎಂಬ ಅವರ ಲೆಕ್ಕಾಚಾರ ನನಗೆ ತೀರ ಸರಿಯೆನಿಸುತ್ತದೆ. ಅವರ ಕೆ1 ಸಿರಿಂಜ್‌ನ ಬ್ಯಾರೆಲ್ ಒಳಗೆ ಸಣ್ಣ ಉಂಗುರದಂಥ ಏಣು ಇದೆ; ಪ್ಲಂಜರ್ ಅದನ್ನು ದಾಟಿ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ, ಬಲವಂತ ಮಾಡಿದರೆ ಮುರಿಯುತ್ತದೆ. ಇದೇ ಮಾದರಿಯ ಸಿರಿಂಜೊಂದನ್ನು ನಾನು ಪೂರ್ತಿ ಒತ್ತಿ ಎಳೆದಾಗ, ದಂಡದ ತೆಳುವಾದ ಭಾಗ ಸಣ್ಣ ಸದ್ದಿನೊಂದಿಗೆ ತುಂಡಾಗಿ, ರಬ್ಬರ್ ತುದಿ ಬ್ಯಾರೆಲ್‌ನ ತಳದಲ್ಲೇ ಉಳಿಯಿತು. ಮುರಿದ ದಂಡ ಕೈಯಲ್ಲಿ ಉಳಿದ ಮೇಲೆ ಯಾವ ಸಂದೇಹಕ್ಕೂ ಎಡೆಯಿಲ್ಲ. ನೋಡುತ್ತ ಕುಳಿತ ರೋಗಿಗೂ ಅದು ಅರ್ಥವಾಗುತ್ತದೆ. ಆದರೆ ಬೀಗವು ಒತ್ತುವಿಕೆಯ ಕೊನೆಯ ಹಂತದಲ್ಲಿ ಮಾತ್ರ ಬೀಳುವಂತಿದ್ದರೆ, ಮರುಬಳಕೆಯ ಉದ್ದೇಶವಿರುವವನು ತಳಕ್ಕಿಂತ ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿಬಿಡಬಹುದು. ನಾನು ನೋಡಿದ ಮಾದರಿಯಲ್ಲಿ ಇದು ಸಾಧ್ಯವಾಯಿತು. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಬೀಗ ಯಾವ ಹಂತದಲ್ಲಿ ಬೀಳುತ್ತದೆ ಎಂಬುದು. ಪೊಟ್ಟಣದ ಮೇಲೆ ಅದು ಬರೆದಿರುವುದು ಅಪರೂಪ.

ಸೂಜಿ ಒಳಸರಿಯುವ ಸಿರಿಂಜ್ ನೋಡಲು ಆಕರ್ಷಕ. ಪ್ಲಂಜರ್ ಕೊನೆ ಮುಟ್ಟಿದ ಮೇಲೆ ಇನ್ನೂ ಸ್ವಲ್ಪ ಬಲ ಹಾಕಿದರೆ ಸ್ಪ್ರಿಂಗ್ ಬಿಡುಗಡೆಯಾಗಿ ಸೂಜಿ ಪ್ಲಂಜರ್‌ನ ಟೊಳ್ಳಿನೊಳಗೆ ಸೇರಿಕೊಳ್ಳುತ್ತದೆ. ಮರುಬಳಕೆಯ ತಡೆಯ ಜತೆಗೆ, ಚುಚ್ಚುವವರ ಕೈಗೇ ಸೂಜಿ ತಗಲುವ ಅಪಾಯವನ್ನೂ ಇದು ತಗ್ಗಿಸುತ್ತದೆ. ಉಳಿದೆರಡಕ್ಕೆ ಈ ಗುಣವಿಲ್ಲ. ಆದರೂ ಕೊನೆಯ ಆ ಹೆಚ್ಚಿನ ಒತ್ತು ಬಳಸುವವರ ಇಚ್ಛೆಗೆ ಬಿಟ್ಟದ್ದು. ಒತ್ತದೆ ಬಿಟ್ಟರೆ ಇದು ಮಾಮೂಲು ಸಿರಿಂಜ್‌ಗಿಂತ ಹೆಚ್ಚೇನೂ ಅಲ್ಲ. ಬಿಡಿಭಾಗಗಳು ಜಾಸ್ತಿ, ಆದ್ದರಿಂದ ಬೆಲೆಯೂ ಜಾಸ್ತಿ.

ಇನ್ನು ಬಳಕೆಯ ಅನುಭವ. ಮಾಮೂಲು ಸಿರಿಂಜ್‌ಗೆ ಒಗ್ಗಿದವರು ವಯಲ್‌ಗೆ ಚುಚ್ಚುವ ಮೊದಲು ಪ್ಲಂಜರನ್ನು ಒಮ್ಮೆ ಹಿಂದೆ ಮುಂದೆ ಆಡಿಸಿ ಸಡಿಲಗೊಳಿಸುತ್ತಾರೆ, ಗಾಳಿ ಎಳೆದು ವಯಲ್‌ನೊಳಗೆ ಬಿಡುತ್ತಾರೆ. ಎ.ಡಿ. ಸಿರಿಂಜ್‌ನಲ್ಲಿ ಈ ಎರಡು ಅಭ್ಯಾಸಗಳೂ ನಡೆಯುವುದಿಲ್ಲ. ಹಾಗೆ ಮಾಡಿದರೆ ಔಷಧ ತುಂಬುವ ಮುನ್ನವೇ ಸಿರಿಂಜ್ ವ್ಯರ್ಥವಾಗುತ್ತದೆ. ಸೂಜಿಯ ತುದಿ ದ್ರವದಲ್ಲಿ ಮುಳುಗಿದ ಮೇಲಷ್ಟೇ ಪ್ಲಂಜರ್ ಮುಟ್ಟಬೇಕು, ತುದಿ ದ್ರವದ ಮಟ್ಟದಿಂದ ಮೇಲೆ ಬಾರದಂತೆ ನೋಡಿಕೊಳ್ಳಬೇಕು, ಗಾಳಿಗುಳ್ಳೆ ಸೇರಿದರೆ ಸಿರಿಂಜನ್ನು ನೆಟ್ಟಗೆ ಹಿಡಿದು ಬೆರಳಿನಿಂದ ತಟ್ಟಿ, ಗುರುತಿನವರೆಗೆ ಮಾತ್ರ ಒತ್ತಬೇಕು. ಒಂದೆರಡು ಸಿರಿಂಜ್ ಹಾಳಾದ ಮೇಲೆ ಕೈ ಪಳಗುತ್ತದೆ, ಆದರೆ ತರಬೇತಿಯಿಲ್ಲದೆ ಪೆಟ್ಟಿಗೆಗಟ್ಟಲೆ ಹಂಚಿಬಿಟ್ಟರೆ ದೂರುಗಳು ಖಂಡಿತ.

ಲಸಿಕೆಯ ಕೆಲಸದಲ್ಲಿ ಈ ಸಿರಿಂಜ್ ಗೆದ್ದದ್ದು ಡೋಸ್ ನಿಗದಿಯಾಗಿರುವ ಕಾರಣಕ್ಕೆ. ಹೆಚ್ಚಿನ ಲಸಿಕೆಗಳಿಗೆ 0.5 ಮಿ.ಲೀ., ಕ್ಷಯರೋಗ ತಡೆಯಲು ಶಿಶುಗಳಿಗೆ ಹಾಕುವ ಬಿಸಿಜಿಗೆ 0.05 ಮಿ.ಲೀ.; ಪ್ಲಂಜರ್ ಅಲ್ಲಿಗೇ ನಿಲ್ಲುವಂತೆ ಮಾಡಿದರೆ ಬೀಗದ ವಿನ್ಯಾಸವೂ ಸುಲಭ, ಅಳತೆಯೂ ತಪ್ಪದು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಜಂಟಿಯಾಗಿ, 2003ರ ಕೊನೆಯೊಳಗೆ ಎಲ್ಲ ದೇಶಗಳೂ ಲಸಿಕೆಗೆ ಎ.ಡಿ. ಸಿರಿಂಜನ್ನೇ ಬಳಸಬೇಕೆಂದು ಕೋರಿದ್ದವು. ಆದರೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದಂತೆ, ವರ್ಷಕ್ಕೆ ಕೊಡಲಾಗುವ ಸುಮಾರು 1,600 ಕೋಟಿ ಚುಚ್ಚುಮದ್ದುಗಳಲ್ಲಿ ಲಸಿಕೆಯ ಪಾಲು ಶೇ. 5ರಷ್ಟು, ಶೇ. 90ರಷ್ಟು ಚಿಕಿತ್ಸೆಗಾಗಿ ಕೊಡುವಂಥವು. ಚಿಕಿತ್ಸೆಯಲ್ಲಿ ಡೋಸ್ ರೋಗಿಯಿಂದ ರೋಗಿಗೆ ಬದಲಾಗುತ್ತದೆ, ಪುಡಿಯನ್ನು ಕಲಸಲು ಪ್ಲಂಜರನ್ನು ಹಿಂದೆ ಮುಂದೆ ಆಡಿಸಬೇಕಾಗುತ್ತದೆ. ಅದಕ್ಕೆಂದೇ ಮರುಬಳಕೆ ತಡೆಯುವ ಇನ್ನೊಂದು ವರ್ಗದ ಸಿರಿಂಜ್‌ಗಳಿವೆ, ಅವುಗಳಿಗೆ ಸಿರಿಂಜ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7886ರ ನಾಲ್ಕನೆಯ ಭಾಗ ಅನ್ವಯಿಸುತ್ತದೆ. ನಿಗದಿತ ಡೋಸ್‌ನ ಲಸಿಕೆ ಸಿರಿಂಜ್‌ಗಳದು ಮೂರನೆಯ ಭಾಗ. ಕೊಳ್ಳುವಾಗ ಈ ಎರಡನ್ನು ಅದಲುಬದಲು ಮಾಡಿಕೊಳ್ಳಬಾರದು.

ನನ್ನ ಆಯ್ಕೆ ಹೀಗಿದೆ: ಲಸಿಕೆ ಹಾಕುವಲ್ಲಿ ಒತ್ತಲು ಆರಂಭಿಸಿದ ಕೂಡಲೇ ಬೀಗ ಬೀಳುವ ಕ್ಲಿಪ್ ಮಾದರಿ, ಸಾಮಾನ್ಯ ಚಿಕಿತ್ಸೆಗೆ, ಅರ್ಧದಲ್ಲಿ ನಿಲ್ಲಿಸಿ ಪರೀಕ್ಷಿಸಿದ ಮೇಲೆ, ಪ್ಲಂಜರ್ ಮುರಿಯುವ ಮಾದರಿ, ರಕ್ತದ ಸೋಂಕಿರುವ ರೋಗಿಗಳು ಹೆಚ್ಚಾಗಿ ಬರುವ ಕಡೆ, ಸಿಬ್ಬಂದಿಯ ರಕ್ಷಣೆಗಾಗಿ, ಸೂಜಿ ಒಳಸರಿಯುವ ಮಾದರಿ. ಔಷಧವನ್ನು ನಿಧಾನವಾಗಿ ಹರಿಸುವ ಸಿರಿಂಜ್ ಪಂಪ್‌ಗೆ ಜೋಡಿಸುವಂಥ ಕೆಲಸಗಳಿಗೆ ಮಾಮೂಲು ಸಿರಿಂಜ್ ಬೇಕೇ ಬೇಕು, ಅದನ್ನು ಎ.ಡಿ. ಸಿರಿಂಜ್ ಇರುವ ಖಾನೆಯಲ್ಲಿ ಬೆರೆಸದೆ ಪ್ರತ್ಯೇಕವಾಗಿಡುವುದು ಒಳಿತು. ಇವುಗಳಲ್ಲಿ ಯಾವುದನ್ನು ಕೊಂಡರೂ, ಬಳಸಿದ ಸಿರಿಂಜ್‌ಗಳನ್ನು ಹಾಕುವ ಸೇಫ್ಟಿ ಬಾಕ್ಸ್‌ಗಳನ್ನು ಅದೇ ಆರ್ಡರ್‌ನಲ್ಲಿ ಸೇರಿಸಬೇಕು, ಏಕೆಂದರೆ ಬೀಗ ಬಿದ್ದ ಸಿರಿಂಜ್‌ನ ಸೂಜಿ, ಮೊದಲೆರಡು ಬಗೆಗಳಲ್ಲಿ, ಮೊದಲಿನಷ್ಟೇ ಚೂಪಾಗಿ ಹೊರಗೇ ಇರುತ್ತದೆ.