ಸಾಲ್ಟ್ ಪಾಯಿಂಟ್‌ಗೆ ಗಾಳ ಹಿಡಿದು ಹೊರಟವರು ಇದನ್ನು ಓದಿ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನಮ್ಮವರು ಬೇಸಿಗೆ ಬಂತೆಂದರೆ ಟೆಂಟ್ ಕಟ್ಟಿಕೊಂಡು ಉತ್ತರ ಕ್ಯಾಲಿಫೋರ್ನಿಯಾದ ಕಡಲ ಬದಿಗೆ ಓಡುತ್ತಾರೆ. ಹೊರಡುವ ಮುಂಚೆ ನನ್ನ ಅಂಗೈ ಕತೆ ಕೇಳಿ.

ನಾನು ಉಳ್ಳಾಲದವನು. ಸೋಮೇಶ್ವರದ ಕಡಲಬಂಡೆ ರುದ್ರಪಾದೆ ನೋಡುತ್ತ ಬೆಳೆದವನು. ಕಡಲಿನ ವಿಷಯ ನನಗ್ಯಾರು ಹೇಳಿಕೊಡುವುದು ಅನ್ನುವ ಕೊಬ್ಬಿತ್ತು.

ಜೂನ್‌ನಲ್ಲಿ ಸಾಲ್ಟ್ ಪಾಯಿಂಟ್ ಸ್ಟೇಟ್ ಪಾರ್ಕ್‌ಗೆ ಹೋದೆವು. ಬೆಳಿಗ್ಗೆ ಕ್ಯಾಂಪಿನಿಂದ ಇಳಿದರೆ ಗರ್ಸ್ಟಲ್ ಕೋವ್ ಅನ್ನುವ ಪುಟ್ಟ ಕೊಲ್ಲಿ, ನೀರು ಕೆರೆಯ ಹಾಗೆ ತೆಪ್ಪಗಿತ್ತು. ಕೊಕ್ಕೆಗೆ ಸೀಗಡಿ ಸಿಕ್ಕಿಸುತ್ತಿದ್ದೆ, "ಭಾವ, ಬೋರ್ಡು ನೋಡಿ" ಅಂದ ಭಾವಮೈದುನ. ಮೀಸಲು ಪ್ರದೇಶವಂತೆ, ಮೀನಲ್ಲ, ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ಲೈಸೆನ್ಸ್ ಇದ್ದರೂ ಅಷ್ಟೇ. (ಅದು 16 ತುಂಬಿದವರಿಗೆಲ್ಲ ಬೇಕು, ಸಾರ್ವಜನಿಕ ಪಿಯರ್, ಅಂದರೆ ಕಡಲೊಳಗೆ ಚಾಚಿದ ಕಟ್ಟೆ, ಮೇಲಿಂದ ಹಿಡಿಯುವುದಾದರೆ ಮಾತ್ರ ಬೇಡ.) ಕ್ಯಾಂಪಿನ ಜಾಗ ಬುಕ್ ಮಾಡುವಾಗಲೇ ನಕ್ಷೆ ನೋಡಬೇಕಿತ್ತು.

ಸರಿ, ಗಡಿ ದಾಟಿ ತೆರೆದ ಕಡಲಿನ ಬಂಡೆ ಹತ್ತಿದೆವು. ಕಾಲು ಗಂಟೆ ಅಲೆಗಳೆಲ್ಲ ನಮ್ಮ ಕಾಲಿಂದ ಒಂದಾಳು ಕೆಳಗೇ ಇದ್ದವು. ಬಂಡೆ ಒದ್ದೆಯಿತ್ತು. ಮಂಜಿಗೆ ಒದ್ದೆಯಾಗಿದೆ ಅಂದುಕೊಂಡೆ ನೋಡಿ, ಅದೇ ತಪ್ಪು. ಡಬ್ಬಿಯಿಂದ ಇನ್ನೊಂದು ಸೀಗಡಿ ತೆಗೆಯಲು ಕಡಲಿಗೆ ಬೆನ್ನು ಹಾಕಿ ಬಗ್ಗಿದ್ದೆ, ಸದ್ದೇ ಇಲ್ಲದೆ ಸೊಂಟದೆತ್ತರ ನೀರು ಬಂದು ಕಾಲು ಕಿತ್ತಿತು. ಅಲ್ಲಿಯ ಮರಳುಗಲ್ಲಿನಲ್ಲಿ ಉಪ್ಪು ಕೊರೆದ ಜೇನುಗೂಡಿನಂಥ ತೂತುಗಳಿವೆ. ಜಾರುತ್ತಿದ್ದಾಗ ಬೆರಳು ಅಂಥದ್ದೊಂದಕ್ಕೆ ಸಿಕ್ಕಿಕೊಂಡಿತು, ಅದೇ ಪುಣ್ಯ. ಅಂಗೈ ಸುಲಿಯಿತು, ಎರಡು ಉಗುರು ಹೋದವು. ಕೋಲು, ಐಸ್ ಪೆಟ್ಟಿಗೆ, ಕಾರಿನ ಕೀ ಇದ್ದ ಚೀಲ ಎಲ್ಲ ಕಡಲಪಾಲು. ಫೋನಿಗೆ ಸಿಗ್ನಲ್ ಇಲ್ಲ. ಭಾವಮೈದುನ ಹೈವೇ 1ರ ತನಕ ಓಡಿ, ಕಾರಿಗೆ ಕೈ ಅಡ್ಡ ಹಾಕಿ ನಿಲ್ಲಿಸಬೇಕಾಯಿತು.

ಇದಕ್ಕೆ ಅಲ್ಲಿ ಸ್ನೀಕರ್ ವೇವ್ ಅನ್ನುತ್ತಾರೆ. ಕಳ್ಳ ಅಲೆ ಅನ್ನಿ. ಹತ್ತಿಪ್ಪತ್ತು ನಿಮಿಷ ಸುಮ್ಮನಿದ್ದು ಒಮ್ಮೆಗೇ ಮೇಲೆ ಬರುತ್ತದೆ. ನಮ್ಮೂರ ಬೆಚ್ಚಗಿನ ನೀರಾದರೆ ಬಿದ್ದರೂ ನಾಲ್ಕು ಕೈ ಈಜಬಹುದು. ಅಲ್ಲಿ ಜೂನ್‌ನಲ್ಲೂ ನೀರು ಹನ್ನೊಂದು ಹನ್ನೆರಡು ಡಿಗ್ರಿ, ಬಿದ್ದೊಡನೆ ಉಸಿರು ಕಟ್ಟುತ್ತದೆ. ಹೋಗಲೇಬೇಕಿದ್ದರೆ ಇಪ್ಪತ್ತು ನಿಮಿಷ ದೂರದಲ್ಲೇ ನಿಂತು ಅಲೆ ನೋಡಿ. ಒದ್ದೆ ಬಂಡೆ ಅಂದರೆ ಅಲೆ ಅಲ್ಲಿಗೂ ಬರುತ್ತದೆ ಅಂತಲೇ ತಿಳಿಯಿರಿ. ಕೀ ಜೇಬಲ್ಲಿರಲಿ, ಜಿಪ್ ಹಾಕಿ.

ಇನ್ನು ಮಂಗಳೂರು ಕಡೆಯವರಿಗೆ: ಬಂಡೆ ತುಂಬ ಪಚ್ಚಿಲೆ (ಮಸೆಲ್ ಅನ್ನುವ ಚಿಪ್ಪುಜೀವಿ) ಕಾಣುತ್ತದೆ, ಬಾಯಲ್ಲಿ ನೀರೂರುತ್ತದೆ. ಮುಟ್ಟಬೇಡಿ. ತಿನ್ನಲೆಂದು ಅದನ್ನು ಕೀಳುವುದಕ್ಕೆ ಸಾಮಾನ್ಯವಾಗಿ ಮೇ 1ರಿಂದ ಅಕ್ಟೋಬರ್ 31ರವರೆಗೆ ನಿಷೇಧ. ಪಾಚಿಯಿಂದ ಅದರ ಒಳಸೇರುವ ನರವಿಷ, ಎಷ್ಟು ಹೊತ್ತು ಗಸಿಯಲ್ಲಿ ಕುದಿಸಿದರೂ ಸಾಯುವುದಿಲ್ಲ.