ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗೆ ಎಂಟು ತಿಂಗಳು ಹೋದೋನ ರಿವ್ಯೂ

ಮೊದ್ಲೇ ಹೇಳ್ತೀನಿ, ಇದಕ್ಕಿಂತ ಮುಂಚೆ ಒಂದು ವೀಕೆಂಡ್ ಸ್ಪೀಕಿಂಗ್ ವರ್ಕ್‌ಶಾಪ್‌ಗೆ ಆರು ಸಾವಿರ ಕೊಟ್ಟು ಕೈ ಸುಟ್ಕೊಂಡೋನು ನಾನು. ಹೆಸರು ಬೇಡ ಬಿಡಿ. ಎರಡು ದಿನನೂ ಮಾತಾಡಿದ್ದು ಟ್ರೈನರ್ ಒಬ್ನೇ, ನಮ್ ಕೈಗೆ ಮೈಕ್ ಬಂದಿದ್ದು ಕೊನೇಲಿ ಥ್ಯಾಂಕ್ಸ್ ಹೇಳಕ್ಕೆ ಮಾತ್ರ.

ಟೋಸ್ಟ್‌ಮಾಸ್ಟರ್ಸ್ ಅಂದ್ರೆ ಜನರ ಮುಂದೆ ಮಾತಾಡೋದನ್ನ ಅಭ್ಯಾಸ ಮಾಡೋ ಕ್ಲಬ್, ಇಲ್ಲಿ ಮೇಷ್ಟ್ರೇ ಇಲ್ಲ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುವಾಗಿದ್ದು, ಮೆಂಬರ್‌ಗಳೇ ಮಾತಾಡೋದು, ಮೆಂಬರ್‌ಗಳೇ ತಪ್ಪು ಹಿಡಿಯೋದು. ತಯಾರಿ ಮಾಡ್ಕೊಂಡು ಬಂದ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ, 5ಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ಕಾರ್ಡ್ ತೋರಿಸ್ತಾರೆ. ಆ ಕೆಂಪು ಕಾರ್ಡ್ ನಮ್ಮೂರ ರಾಜ್ಯೋತ್ಸವದ ಸ್ಟೇಜಿಗೂ ಬೇಕಿತ್ತು, ಅಧ್ಯಕ್ಷರ ಭಾಷಣ ಮುಗಿಯೋಷ್ಟರಲ್ಲಿ ಉಪ್ಪಿಟ್ಟು ತಣ್ಣಗಾಗಿರುತ್ತೆ.

ನಂಗೆ ಜಾಸ್ತಿ ಉಪಯೋಗ ಆಗಿದ್ದು 'ಆ-ಕೌಂಟರ್' (Ah-Counter) ಅನ್ನೋ ಪಾತ್ರ. ಒಬ್ರು ಕೂತ್ಕೊಂಡು ನಾವು ಎಷ್ಟು ಸಲ ಆಆ, ಅಂದ್ರೆ ಅಂತ ತಡವರಿಸ್ತೀವಿ ಅಂತ ಗೀಟು ಹಾಕ್ಕೊಂಡು ಹೋಗ್ತಾರೆ. ನನ್ನ ಮೊದಲ ಭಾಷಣದಲ್ಲಿ 'ಏನಂದ್ರೆ' 19, 'ಆಯ್ತಾ' 11. ನಂಬ್ಲಿಲ್ಲ ನಾನು, ಮನೇಲಿ ರೆಕಾರ್ಡಿಂಗ್ ಹಾಕಿ ಎಣಿಸಿದ್ರೆ ಇನ್ನೂ ಎರಡು ಜಾಸ್ತಿನೇ ಇತ್ತು. ಆ ಜಾಗದಲ್ಲಿ ಸುಮ್ನೆ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ ಅಂದ್ರು, ಎರಡು ಸೆಕೆಂಡ್ ಅಷ್ಟೇ, ನಿಂತೋನಿಗೆ ಅದು ಒಂದು ಯುಗ ಆದ್ರೆ ಮೊಬೈಲ್ ನೋಡ್ತಿದ್ದೋರು ಏನಾಯ್ತಪ್ಪಾ ಅಂತ ತಲೆ ಎತ್ತುತ್ತಾರೆ.

ಒಂದ್ಸಲ ರಿಟೈರ್ಡ್ ಅಂಕಲ್ ಒಬ್ರು ಅವರಮ್ಮನ ತಾಮ್ರದ ಹಂಡೆ ಗುಜರಿಗೆ ಹಾಕಿದ ಕಥೆ ಹೇಳಿದ್ರು. ಕೈ ಬೀಸ್ಲಿಲ್ಲ, ಯಾರ್ದೋ ಕೊಟೇಶನ್ ಹೇಳ್ಲಿಲ್ಲ. ಗುಜರಿಯವ್ನು ಎಷ್ಟು ಕೊಟ್ಟ ಅನ್ನೋ ಜಾಗಕ್ಕೆ ಬಂದಾಗ ದನಿ ಏರಿಸೋ ಬದ್ಲು ಇಳಿಸಿದ್ರು, ಹಿಂದಿನ ಸಾಲಿನೋರು ಮುಂದಕ್ಕೆ ಬಗ್ಗಿದ್ರು. ನಮ್ ಶಿರಸಿ ಕಡೆ ತಾಳಮದ್ದಳೆ ಕೇಳಿ ಬೆಳೆದೋನು ನಾನು, ವೇಷ ಇಲ್ಲ ಕುಣಿತ ಇಲ್ಲ, ಅರ್ಥಧಾರಿ ಕೂತಲ್ಲೇ ಮಾತಲ್ಲಿ ಬೆಳಗಿನ ಜಾವದ ತನಕ ಜನರನ್ನ ಕೂರಿಸ್ತಿದ್ರು, ಅದ್ಯಾಕೆ ಅಂತ ಗೊತ್ತಾಗಿದ್ದು ಅವತ್ತು.

ಟೇಬಲ್ ಟಾಪಿಕ್ಸ್ ಅಂತ ಒಂದಿದೆ, ನಿಂತ ಕಾಲಲ್ಲೇ ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡ್ಸೋದು. 'ಮಳೆಗಾಲದ ವಾಸನೆ' ಅಂದ್ರು ನಂಗೆ, ಮಲೆನಾಡಿನೋನಾಗಿ ನಲವತ್ತು ಸೆಕೆಂಡಿಗೆ ಕೂತ್ಬಿಟ್ಟೆ.

4 ಸ್ಟಾರ್. ಒಂದು ಕಮ್ಮಿ ಯಾಕಂದ್ರೆ ಅಲ್ಲಿರೋರೆಲ್ಲ ಕೇಳಕ್ಕಂತಾನೇ ಬಂದಿರ್ತಾರೆ, ರಿಸೆಪ್ಶನ್ ಊಟದ ಕ್ಯೂನಲ್ಲಿರೋ ಜನ ಹಂಗಿರಲ್ಲ. ದುಡ್ಡು ಕಟ್ಟೋ ಮುಂಚೆ ಗೆಸ್ಟ್ ಆಗಿ ಹೋಗಿ ಕೂತು ನೋಡಿ, ಆದ್ರೆ ಹಿಂದಿನ ಸಾಲಲ್ಲೇ ಕೂತ್ಕೊಳ್ಳಿ, ಯಾರು ಕೇಳಿಸ್ತಾರೆ ಯಾರು ಬರೀ ಕಿರುಚ್ತಾರೆ ಅಂತ ಗೊತ್ತಾಗೋದು ಅಲ್ಲಿಂದಾನೇ.