ಸಾಲ ವಸೂಲಿ ದಾವೆಗೆ ಉಚಿತ ವಕೀಲರು: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸೇವೆಯ ವಿಮರ್ಶೆ

ಖಾಸಗಿ ಹಣಕಾಸು ಸಂಸ್ಥೆಯೊಂದು ಹೂಡಿದ ಸಾಲ ವಸೂಲಿ ದಾವೆಯಲ್ಲಿ ನನ್ನ ಅಕ್ಕ ಪ್ರತಿವಾದಿಯಾಗಿದ್ದರು. ಆ ದಾವೆಯನ್ನು ಎದುರಿಸಲು ನಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಟ್ಟ ಉಚಿತ ವಕೀಲರ ಸೇವೆ ಹೇಗಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಈ ಸೇವೆ ಇದೆ ಎಂದು ಬಸ್ ನಿಲ್ದಾಣದ ಫಲಕಗಳಲ್ಲಿ ಓದಿದವರು ಬಹಳ ಮಂದಿ ಇದ್ದಾರೆ. ಒಳಗೆ ಹೋದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಬಿಡಿಸಿ ಹೇಳುವವರು ಕಡಿಮೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲವು ಕೊರತೆಗಳಿದ್ದರೂ ಸಾಲದ ದಾವೆಯ ಸಮನ್ಸ್ ಕೈಗೆ ಬಂದವರು ಮೊದಲು ಹೋಗಬೇಕಾದ ಜಾಗ ಇದೇ.

ಅಕ್ಕ ಹೊಲಿಗೆ ಅಂಗಡಿ ನಡೆಸುತ್ತಾರೆ. 2019ರಲ್ಲಿ ಎರಡು ಹೊಲಿಗೆ ಯಂತ್ರಗಳಿಗೂ ಅಂಗಡಿಯ ಮುಂಗಡಕ್ಕೂ ಸೇರಿ 2,00,000 ರೂಪಾಯಿ ಸಾಲ ಪಡೆದಿದ್ದರು. ಕಂತುಗಳನ್ನು ಸರಿಯಾಗಿಯೇ ಕಟ್ಟುತ್ತಿದ್ದರು. ಕೊರೊನಾ ಬಂದು ಅಂಗಡಿ ಮುಚ್ಚಿದ ಮೇಲೆ ಕಂತುಗಳು ತಪ್ಪಿದವು. ಆಮೇಲೆ ವಸೂಲಿಗೆ ಬರುತ್ತಿದ್ದವರ ಕೈಗೆ ಆಗೀಗ ನಗದು ಕೊಟ್ಟರು. 2023ರಲ್ಲಿ ಸಂಸ್ಥೆಯವರು 2,46,000 ರೂಪಾಯಿ ಬಾಕಿ ಇದೆ ಎಂದು ದಾವೆ ಹೂಡಿದರು. ಅದಕ್ಕೂ ಮೊದಲು ಬಂದಿದ್ದ ಕಾಗದಗಳೆಲ್ಲ ಅವರ ವಕೀಲರ ನೋಟಿಸುಗಳು. ಅವುಗಳಲ್ಲಿ ಕೆಲವಕ್ಕೆ ನ್ಯಾಯಾಲಯದಿಂದಲೇ ಬಂದಂಥ ಚಹರೆ ಇತ್ತು. ನಿಜವಾದ ಸಮನ್ಸ್ ತಂದವರು ನ್ಯಾಯಾಲಯದ ಅಮೀನರು. ಅದರ ಮೇಲೆ ನ್ಯಾಯಾಲಯದ ಮೊಹರು, ದಾವೆಯ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಇದ್ದವು. ಜೊತೆಗೆ ವಾದಪತ್ರದ, ಅಂದರೆ ಸಂಸ್ಥೆಯವರು ತಮ್ಮ ಬೇಡಿಕೆಯನ್ನು ಬರೆದು ನ್ಯಾಯಾಲಯಕ್ಕೆ ಕೊಟ್ಟ ಪತ್ರದ, ಪ್ರತಿಯೂ ಇತ್ತು. ನೋಟಿಸಿಗೆ ಉತ್ತರ ಕೊಡದಿದ್ದರೆ ತಕ್ಷಣಕ್ಕೆ ಏನೂ ಆಗದಿರಬಹುದು. ಸಮನ್ಸ್ ಪಡೆದೂ ಹಾಜರಾಗದಿದ್ದರೆ ನ್ಯಾಯಾಲಯ ಪ್ರತಿವಾದಿಯನ್ನು ಏಕಪಕ್ಷೀಯವೆಂದು ಇಟ್ಟು, ವಾದಿ ಹೇಳಿದ್ದನ್ನಷ್ಟೇ ಕೇಳಿ ಡಿಕ್ರಿ (ದಾವೆಯನ್ನು ತೀರ್ಮಾನಿಸುವ ಆದೇಶ) ಕೊಡಬಹುದು. ಸಾಲದ ದಾವೆಗಳಲ್ಲಿ ಹೆಚ್ಚು ಜನ ಸೋಲುವುದು ವಾದದಲ್ಲಲ್ಲ, ಗೈರುಹಾಜರಿಯಲ್ಲಿ ಎಂದು ನಮ್ಮ ವಕೀಲರು ಮೊದಲ ಭೇಟಿಯಲ್ಲಿಯೇ ಹೇಳಿದರು.

ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇದೆ. ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿರುತ್ತವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ವಾರ್ಷಿಕ ಆದಾಯದ ಮಿತಿ ಇದೆ. ಅಕ್ಕ ಮಹಿಳೆಯಾದ್ದರಿಂದ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಕಾಗಲಿಲ್ಲ. ಈ ವಿಷಯ ತಿಳಿಯದೆ, ‘ನಮಗೆ ಬಿಪಿಎಲ್ ಕಾರ್ಡ್ ಇಲ್ಲ, ನಮಗೆಲ್ಲಿ ಕೊಡುತ್ತಾರೆ’ ಎಂದು ಸುಮ್ಮನಾಗುವ ಹೆಣ್ಣುಮಕ್ಕಳನ್ನು ನಾನು ನಮ್ಮ ಬೀದಿಯಲ್ಲಿಯೇ ಕಂಡಿದ್ದೇನೆ. ಅರ್ಜಿ ಬರೆಯಲು ಬಾರದವರಿಗೆ ಅಲ್ಲಿನ ಸ್ವಯಂಸೇವಕರೇ ಬರೆದುಕೊಡುತ್ತಾರೆ. ವಕೀಲರ ಶುಲ್ಕವನ್ನು ಪ್ರಾಧಿಕಾರ ಭರಿಸುತ್ತದೆ. ನಿಯೋಜಿತ ವಕೀಲರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ. ನಮ್ಮಿಂದ ಯಾರೂ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ನಮಗೆ ಸಿಕ್ಕಿದವರು ಸಿವಿಲ್ ಕೆಲಸದಲ್ಲಿ ಪಳಗಿದ ಹಿರಿಯ ಮಹಿಳಾ ವಕೀಲರು. ಅವರು ವಾದಪತ್ರವನ್ನು ಓದಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಸೇವೆಯ ಬೆಲೆ ನನಗೆ ಅರ್ಥವಾದದ್ದು ಅಲ್ಲಿ. ಇಂಗ್ಲಿಷಿನಲ್ಲಿದ್ದ ಆ ವಾದಪತ್ರವನ್ನು ಪ್ಯಾರಾ ಪ್ಯಾರಾ ಕನ್ನಡದಲ್ಲಿ ಹೇಳುತ್ತಾ, ಪ್ರತಿಯೊಂದರ ಕೊನೆಗೂ ‘ಇದು ನಿಜವೇನಮ್ಮ?’ ಎಂದು ಅಕ್ಕನನ್ನು ಕೇಳಿ, ಅಂಚಿನಲ್ಲಿ ‘ಹೌದು’, ‘ಅಲ್ಲ’, ‘ಗೊತ್ತಿಲ್ಲ’ ಎಂದು ಬರೆದುಕೊಂಡರು. ಸಾಲ ಪಡೆದದ್ದು ಹೌದು. ಸಹಿ ಹೌದು. ಕೊನೆಯ ಕಂತು ಕಟ್ಟಿದ ದಿನಾಂಕ ಅಲ್ಲ. ಬಾಕಿ ಮೊತ್ತ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮದ ಪ್ರಕಾರ ವಾದಪತ್ರದ ಯಾವ ಸಂಗತಿಯನ್ನು ಸ್ಪಷ್ಟವಾಗಿ ನಿರಾಕರಿಸಿಲ್ಲವೋ ಅದನ್ನು ಒಪ್ಪಿಕೊಂಡಂತೆ ಎಣಿಸಲಾಗುತ್ತದೆ. ‘ಎಲ್ಲವೂ ಸುಳ್ಳು’ ಎಂಬ ಒಂದೇ ಸಾಲಿನ ಉತ್ತರ ಅದಕ್ಕೇ ಪ್ರಯೋಜನಕ್ಕೆ ಬಾರದು. ನಿಜವನ್ನು ನಿಜವೆಂದು ಒಪ್ಪಿ, ತಪ್ಪಿರುವ ಅಂಕಿಯನ್ನು ಬೆರಳಿಟ್ಟು ತೋರಿಸಿದ ಲಿಖಿತ ಹೇಳಿಕೆಯನ್ನು (ವಾದಪತ್ರಕ್ಕೆ ಪ್ರತಿವಾದಿ ಕೊಡುವ ಉತ್ತರವನ್ನು) ನ್ಯಾಯಾಧೀಶರು ಗಂಭೀರವಾಗಿ ಓದುತ್ತಾರೆ ಎಂಬುದು ಅವರ ನಂಬಿಕೆ. ಸಹಿ ಹಾಕುವ ಮುನ್ನ ಆ ಹೇಳಿಕೆಯನ್ನೂ ಕನ್ನಡದಲ್ಲಿ ಪೂರ್ತಿಯಾಗಿ ಓದಿ ಹೇಳಿದರು.

ನಂತರ ಅವರು ಕೇಳಿದ್ದು ರಸೀದಿಗಳನ್ನು. ಅಕ್ಕ ಅವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ವಸೂಲಿಗೆ ಬಂದವರು ಕೈಯಲ್ಲಿ ಹಿಡಿದ ಪುಟ್ಟ ಯಂತ್ರದಿಂದ ಹರಿದುಕೊಟ್ಟ ಚೀಟಿಗಳವು. ಆ ನುಣುಪು ಕಾಗದದ ಮೇಲಿನ ಅಕ್ಷರ ಬಿಸಿಗೆ, ಬೆಳಕಿಗೆ ಮಾಸಿಹೋಗುತ್ತದೆ. ಕೆಲವು ಚೀಟಿಗಳಲ್ಲಿ ಮೊತ್ತ ಮಾತ್ರ ಕಾಣುತ್ತಿತ್ತು, ದಿನಾಂಕ ಅಳಿಸಿತ್ತು. ವಕೀಲರು ಅವನ್ನು ಅಂದೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿಯೂ ಚಿತ್ರ ತೆಗೆಸಿ, ಸಂಸ್ಥೆಯ ಲೆಕ್ಕಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದನ್ನೇ ತಾಳೆ ನೋಡಿದರು. ನಗದಾಗಿ ಕೊಟ್ಟ 31,500 ರೂಪಾಯಿ ಆ ಪಟ್ಟಿಯಲ್ಲಿ ಎಲ್ಲಿಯೂ ಜಮೆಯಾಗಿರಲಿಲ್ಲ. ಅದರ ಮೇಲೆ ಸುಸ್ತಿಬಡ್ಡಿ ಬೇರೆ ಏರುತ್ತಾ ಹೋಗಿತ್ತು. ಇಂಥ ಚೀಟಿಗಳನ್ನು ಇಟ್ಟುಕೊಂಡಿರುವವರು ದಾವೆ ಬರುವವರೆಗೂ ಕಾಯದೆ ಇವತ್ತೇ ಪ್ರತಿ ಮಾಡಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ವಕೀಲರ ಪ್ರಾಮಾಣಿಕತೆ ನನಗೆ ಹಿಡಿಸಿದ್ದು ಕಾಲಮಿತಿಯ ಪ್ರಶ್ನೆಯಲ್ಲಿ. ಕೊಟ್ಟ ಸಾಲದ ವಸೂಲಿಗೆ 1963ರ ಕಾಲಮಿತಿ ಕಾಯ್ದೆಯಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಅವಧಿ ಇದೆ. ಅವಧಿ ಮೀರಿದ ದಾವೆಯನ್ನು, ಪ್ರತಿವಾದಿ ಆ ಮಾತೆತ್ತದಿದ್ದರೂ ನ್ಯಾಯಾಲಯ ವಜಾ ಮಾಡಬೇಕು. ಪರಿಚಯದವರೊಬ್ಬರು ‘ಮೂರು ವರ್ಷ ಆಯಿತಲ್ಲ, ಕೇಸೇ ನಿಲ್ಲುವುದಿಲ್ಲ’ ಎಂದು ಅಕ್ಕನಿಗೆ ಧೈರ್ಯ ಹೇಳಿದ್ದರು. ವಕೀಲರು ಆ ಆಸೆಯನ್ನು ಬೆಳೆಯಗೊಡಲಿಲ್ಲ. ಕೊರೊನಾದ ಕಾರಣಕ್ಕೆ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಅವಧಿಯನ್ನು ಲೆಕ್ಕದಿಂದ ಹೊರಗಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿರುವುದರಿಂದ ಈ ದಾವೆ ಅವಧಿಯೊಳಗೇ ಇದೆ ಎಂದು ನೇರವಾಗಿ ಹೇಳಿದರು. ಗೆಲ್ಲದ ವಾದವನ್ನು ಗೆಲ್ಲುತ್ತದೆ ಎಂದು ಹೇಳಿ ವಾಯಿದೆಯ ಮೇಲೆ ವಾಯಿದೆ ತೆಗೆದುಕೊಳ್ಳುವುದು ಕಷ್ಟವೇನಲ್ಲ. ಅವರು ಹಾಗೆ ಮಾಡಲಿಲ್ಲ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಅವಧಿ ಮುಗಿಯುವ ಮೊದಲು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಆರಂಭವಾಗುತ್ತದೆ, ಆದ್ದರಿಂದ ವಸೂಲಿಯವರು ಚಾಚುವ ಯಾವ ಕಾಗದಕ್ಕೂ ಓದದೆ, ಕೇಳದೆ ಸಹಿ ಹಾಕಬಾರದು ಎಂದರು.

ಅವರು ಹಿಡಿದ ಅಂಶಗಳು ಬೇರೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಕಂತು ಮುಂದೂಡಿಕೆಗೆ ಅವಕಾಶ ಕೊಟ್ಟಿತ್ತು. ಆ ಅವಧಿಗೆ ಬಡ್ಡಿಯ ಮೇಲಿನ ಬಡ್ಡಿ ಅಥವಾ ದಂಡಬಡ್ಡಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ತೀರ್ಪು ನೀಡಿತು. ಸಂಸ್ಥೆಯ ಲೆಕ್ಕಪಟ್ಟಿಯಲ್ಲಿ ಆ ತಿಂಗಳುಗಳಿಗೂ ಎರಡನ್ನೂ ಹಾಕಲಾಗಿತ್ತು. ಇನ್ನೊಂದು, ಲೆಕ್ಕಪುಸ್ತಕದ ನಮೂದೊಂದೇ ಯಾರ ಮೇಲಾದರೂ ಹೊಣೆ ಹೊರಿಸಲು ಸಾಲದು ಎಂಬ ಸಾಕ್ಷ್ಯ ಕಾನೂನಿನ ನಿಯಮ. ಸಂಸ್ಥೆಯ ಪರವಾಗಿ ಸಾಕ್ಷಿ ನುಡಿಯಲು ಬಂದವರು ಅಧಿಕಾರಪತ್ರ ಹಿಡಿದು ಬಂದ ಉದ್ಯೋಗಿ. ಪಾಟಿಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ವಕೀಲರು ದನಿ ಏರಿಸಲಿಲ್ಲ. ಲೆಕ್ಕಪಟ್ಟಿ ತಯಾರಿಸಿದವರು ನೀವೇ? ಸಾಲ ಕೊಟ್ಟಾಗ ನೀವು ಆ ಶಾಖೆಯಲ್ಲಿದ್ದಿರಾ? ಈ ರಸೀದಿ ನಿಮ್ಮ ಸಂಸ್ಥೆಯದೇ? ಇದರ ಮೊತ್ತ ನಿಮ್ಮ ಪಟ್ಟಿಯಲ್ಲಿ ಎಲ್ಲಿದೆ, ತೋರಿಸಿ. ಮೊದಲ ಎರಡಕ್ಕೆ ‘ಇಲ್ಲ’ ಎಂಬ ಉತ್ತರ ಬಂತು, ಮೂರನೆಯದಕ್ಕೆ ‘ಹೌದು’, ನಾಲ್ಕನೆಯದಕ್ಕೆ ಅವರು ಪುಟ ತಿರುವುತ್ತಲೇ ನಿಂತರು. ಅಷ್ಟು ಕಾಲ ಎಲ್ಲರೆದುರು ತಲೆ ತಗ್ಗಿಸಿ ನಡೆದಿದ್ದ ಅಕ್ಕ ಅಂದು ನ್ಯಾಯಾಲಯದ ಸಭಾಂಗಣದಲ್ಲಿ ನೇರವಾಗಿ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದೆ.

ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಅರ್ಜಿ ಕೊಟ್ಟ ಮೇಲೆ ವಕೀಲರ ನಿಯೋಜನೆಯ ಪತ್ರ ಕೈಸೇರಲು ತಡವಾಯಿತು. ಲಿಖಿತ ಹೇಳಿಕೆ ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ 30 ದಿನ ಮಾತ್ರ ಕಾಲಾವಕಾಶ ಇರುತ್ತದೆ. ನ್ಯಾಯಾಲಯ ಕಾರಣವನ್ನು ದಾಖಲಿಸಿ ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದ ಅಡಿಯ, ಬೇಗ ತೀರ್ಮಾನಿಸುವ ಸಂಕ್ಷಿಪ್ತ ದಾವೆಯಾದರೆ ಹಾಜರಾತಿ ದಾಖಲಿಸಲು 10 ದಿನವಷ್ಟೇ. ಗಡುವು ಇಷ್ಟು ಬಿಗಿಯಾಗಿರುವಾಗ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಧಾನವಾಗಿ ಸಾಗುವುದನ್ನು ಪ್ರಾಧಿಕಾರ ಸಹಿಸಬಾರದು. ಮೊದಲ ವಾಯಿದೆಗೆ ಅಕ್ಕ ವಕೀಲರಿಲ್ಲದೆ ಒಬ್ಬರೇ ಹಾಜರಾಗಿ, ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆಂದು ಹೇಳಿ ಸಮಯ ಕೇಳಬೇಕಾಯಿತು. ನ್ಯಾಯಾಧೀಶರು ಸೌಜನ್ಯದಿಂದ ಕೊಟ್ಟರು. ವಕೀಲರ ಮೇಲಿನ ಹೊರೆಯೂ ಹೆಚ್ಚು. ಫೋನಿಗೆ ಸಿಗುವುದು ಸಂಜೆಯ ನಂತರವೇ. ವಾಯಿದೆಯ ದಿನ ತಿಳಿಯಲು ನಾವು ಅವರನ್ನು ನೆಚ್ಚಿಕೊಳ್ಳದೆ ಇ-ಕೋರ್ಟ್ಸ್ ಸೇವೆಗಳ ಆ್ಯಪ್ ಬಳಸಿದೆವು. ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ದಿನಾಂಕ, ಹಂತ, ಆದೇಶ ಎಲ್ಲವೂ ಉಚಿತವಾಗಿ ಕಾಣುತ್ತವೆ.

ಪಾಟಿಸವಾಲಿನ ನಂತರ ಸಂಸ್ಥೆಯವರೇ ರಾಜಿಯ ಮಾತೆತ್ತಿದರು. ಪ್ರಕರಣಗಳನ್ನು ರಾಜಿಯಲ್ಲಿ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್‌ಗೆ ಪ್ರಕರಣ ಹೋಯಿತು. ಇಲ್ಲಿ ನನ್ನದೊಂದು ಮಾತು: ಲೋಕ ಅದಾಲತ್ತಿನಲ್ಲಿ ಕೂಡಲೇ ಮುಗಿಯುತ್ತದೆ ಎಂಬ ಉತ್ಸಾಹದಲ್ಲಿ, ಉತ್ತರವನ್ನೇ ಸಲ್ಲಿಸದೆ ಮೊದಲ ದಿನವೇ ರಾಜಿಗೆ ಕುಳಿತಿದ್ದರೆ ಕೊನೆಗೆ ಒಪ್ಪಿದಷ್ಟು ಕಡಿಮೆ ಮೊತ್ತಕ್ಕೆ ದಾವೆ ಮುಗಿಯುತ್ತಿರಲಿಲ್ಲ. ಅದಾಲತ್ತಿನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಒಪ್ಪಿಗೆಯಾಗದಿದ್ದರೆ ಪ್ರಕರಣ ಮರಳಿ ನ್ಯಾಯಾಲಯಕ್ಕೆ ಬರುತ್ತದೆಯೇ ಹೊರತು ನಷ್ಟವಿಲ್ಲ. ಇದನ್ನು ವಕೀಲರು ಮೊದಲೇ ತಿಳಿಸಿದ್ದರಿಂದ ಅಕ್ಕ ಮೊದಲು ಹೇಳಿದ ಮೊತ್ತಕ್ಕೆ ತಲೆಯಾಡಿಸಲಿಲ್ಲ. ಕೊನೆಗೆ 1,40,000 ರೂಪಾಯಿಗೆ, ತಿಂಗಳ ಕಂತುಗಳಲ್ಲಿ ಕಟ್ಟುವಂತೆ ಇತ್ಯರ್ಥವಾಯಿತು. ಸಾಲ ಪಡೆಯುವಾಗ ಸಹಿ ಮಾಡಿ ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ಹಿಂದಿರುಗಿಸಬೇಕು, ಪೂರ್ಣ ಪಾವತಿಯ ನಂತರ ಬಾಕಿ ಇಲ್ಲವೆಂಬ ಪತ್ರ ಕೊಡಬೇಕು ಎಂಬ ಎರಡು ಷರತ್ತುಗಳನ್ನು ವಕೀಲರು ರಾಜಿ ಅರ್ಜಿಯಲ್ಲಿಯೇ ಬರೆಸಿದರು. ಚೆಕ್ಕು ಅವರ ಬಳಿಯೇ ಉಳಿದರೆ ಮುಂದೆ ಚೆಕ್ ಅಮಾನ್ಯದ ಕ್ರಿಮಿನಲ್ ಪ್ರಕರಣಕ್ಕೆ ದಾರಿಯಾಗಬಹುದು ಎಂಬುದು ನಮಗೆ ಹೊಳೆದಿರಲೇ ಇಲ್ಲ.

ಸಾಲ ಇತ್ಯರ್ಥ ಮಾಡಿಸಿಕೊಡುತ್ತೇವೆ ಎಂದು ಜಾಹೀರಾತು ಕೊಡುವ ಖಾಸಗಿಯವರನ್ನು ಸಂಪರ್ಕಿಸಿದ ಒಬ್ಬರು ನಮಗೆ ಪರಿಚಯ. ಸಾಲದ ಮೊತ್ತದ ಮೇಲೆ ಶೇಕಡಾವಾರು ಶುಲ್ಕ ತೆಗೆದುಕೊಂಡು, ಸಮನ್ಸ್ ಬಂದಾಗ ಅವರು ಕೈಚೆಲ್ಲಿದರು. ಕಕ್ಷಿದಾರರ ಪರವಾಗಿ ನ್ಯಾಯಾಲಯದಲ್ಲಿ ವಾದಿಸುವ ಹಕ್ಕು ವಕೀಲರಿಗೆ ಮಾತ್ರ ಇದೆ. ಅಂಥವರಿಗೆ ಕೊಡುವ ಹಣವನ್ನು ಸಾಲಕ್ಕೇ ಕಟ್ಟುವುದು ಎಷ್ಟೋ ಮೇಲು.

ಈ ಎಲ್ಲದರ ನಡುವೆ ಅಕ್ಕನನ್ನು ಹೆಚ್ಚು ಕಾಡಿದ್ದು ಎರಡು ಭಯ: ಜೈಲಿಗೆ ಹಾಕುತ್ತಾರೆಯೇ, ಹೊಲಿಗೆ ಯಂತ್ರ ಎತ್ತಿಕೊಂಡು ಹೋಗುತ್ತಾರೆಯೇ ಎಂಬುದು. ವಸೂಲಿಯವರು ಬಾಗಿಲಲ್ಲಿ ನಿಂತು ಎರಡನ್ನೂ ಹೇಳಿ ಹೋಗಿದ್ದರು. ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ (ಅದನ್ನು ಜಾರಿ ಮಾಡುವಾಗ) ಮಹಿಳೆಯನ್ನು ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು ಹೇಳುತ್ತದೆ. ಕಸುಬುದಾರರ ಉಪಕರಣಗಳು, ತೊಡುವ ಬಟ್ಟೆ, ಅಡುಗೆ ಪಾತ್ರೆಗಳು 60ನೇ ಕಲಮಿನಲ್ಲಿ ಜಪ್ತಿಯಿಂದ ಹೊರಗಿವೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯುವ ಪ್ರತ್ಯೇಕ ಕಾನೂನೂ ಬಂದಿದೆ. ಇವನ್ನು ಒಬ್ಬರು ಕುಳಿತು ಸಮಾಧಾನವಾಗಿ ವಿವರಿಸಿದ ಮೇಲೆ ಅಕ್ಕ ಮತ್ತೆ ಸರಿಯಾಗಿ ಊಟ ಮಾಡತೊಡಗಿದರು.

ಹೋಗುವವರು ಸಮನ್ಸ್, ವಾದಪತ್ರದ ಪ್ರತಿ, ಸಾಲದ ಒಪ್ಪಂದ, ಬ್ಯಾಂಕ್ ಪಾಸ್‌ಬುಕ್, ಎಲ್ಲ ರಸೀದಿ ಮತ್ತು ಗುರುತಿನ ಚೀಟಿಯನ್ನು ಜೊತೆಗೆ ಒಯ್ಯಬೇಕು. ಸಮನ್ಸ್ ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಬೇಕು. ಕಚೇರಿ ಎಲ್ಲಿದೆ ಎಂದು ತಿಳಿಯದವರು 15100 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದು, ಗಡುವು ಹತ್ತಿರವಿದ್ದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನು ನೇರವಾಗಿ ಕಂಡು ಹೇಳಬೇಕು. ಅವರೂ ನ್ಯಾಯಾಧೀಶರೇ ಆಗಿರುವುದರಿಂದ 30 ದಿನದ ಮಾತು ಅವರಿಗೆ ತಕ್ಷಣ ಅರ್ಥವಾಗುತ್ತದೆ.